ಚೀಟಿ ಬರೆಯದ ವೈದ್ಯರು: ಮಿನ್ನೆಸೋಟದ ಔಷಧೀಯ ಗಾಂಜಾ ಯೋಜನೆಯಲ್ಲಿ ಹೊಣೆಯ ಹಂಚಿಕೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಔಷಧೀಯ ಗಾಂಜಾ ಯೋಜನೆ ತನ್ನ ಮೂಲ ರೂಪದಲ್ಲಿ ವೈದ್ಯರಿಗೆ ವಹಿಸಿದ್ದು ಒಂದೇ ಕೆಲಸ. ಎದುರಿಗೆ ಕೂತಿರುವ ರೋಗಿಗೆ ಕಾನೂನಿನ ಪಟ್ಟಿಯಲ್ಲಿರುವ ಇಂಥ ಕಾಯಿಲೆ ಇದೆ ಎಂದು ಅವರು ದೃಢೀಕರಿಸಬೇಕು. ಯಾವ ಔಷಧ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನೆಲ್ಲ ಅವರು ಬರೆಯುವುದಿಲ್ಲ. ದೃಢೀಕರಿಸಿದ ಮಾತ್ರಕ್ಕೆ ಗಾಂಜಾ ತೆಗೆದುಕೊಳ್ಳಿ ಎಂದು ಸಲಹೆ ಕೊಟ್ಟಂತೆಯೂ ಆಗುವುದಿಲ್ಲ. ಡೋಸು ಗೊತ್ತುಮಾಡುವುದು ಔಷಧ ತಯಾರಿಸಿ ಮಾರುವ ಕಂಪನಿಯ ಫಾರ್ಮಸಿಸ್ಟ್. ಅದು ಕೆಲಸ ಮಾಡಿತೋ ಇಲ್ಲವೋ ಎಂದು ವರದಿ ಕೊಡುವುದು ರೋಗಿ. 2024ರವರೆಗೆ ರಾಜ್ಯದ ಆರೋಗ್ಯ ಇಲಾಖೆ ಈ ಮೂವರ ಲೆಕ್ಕವನ್ನು ಒಂದು ದಾಖಲೆಯಲ್ಲಿ ಹಿಡಿದಿಡುತ್ತಿತ್ತು.

ಬೇರೆ ಯಾವ ಔಷಧದ ವಿಷಯದಲ್ಲೂ ವೈದ್ಯರ ಒಂದು ಚೀಟಿಯಲ್ಲಿ ಅಡಗಿರುವ ಹೊಣೆ ಇಲ್ಲಿ ಮೂರು ಪಾಲಾಗಿದೆ. ಯೋಜನೆಯ ಒಳಿತು ಕೆಡುಕುಗಳೆರಡೂ ಈ ಒಡಕಿನಿಂದಲೇ ಹುಟ್ಟಿವೆ ಎಂಬುದು ಈ ಲೇಖನದ ವಾದ. ಗಾಂಜಾ ಗುಣಕಾರಿಯೇ ಎಂಬ ಚರ್ಚೆ ಇಲ್ಲಿ ಹಿನ್ನೆಲೆಯಲ್ಲಷ್ಟೇ ಬರುತ್ತದೆ. ಅಮೆರಿಕದ ನ್ಯಾಷನಲ್ ಅಕಾಡೆಮಿಗಳ 2017ರ ವರದಿ ವಯಸ್ಕರ ದೀರ್ಘಕಾಲದ ನೋವು, ಕೀಮೋಥೆರಪಿಯಿಂದ ಬರುವ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳೇ ಹೇಳಿಕೊಳ್ಳುವ ಸ್ನಾಯು ಬಿಗಿತ, ಈ ಮೂರಕ್ಕೆ ಗಣನೀಯ ಪುರಾವೆ ಇದೆ ಎಂದಿತು. ಉಳಿದ ಬಹುತೇಕ ಕಾಯಿಲೆಗಳ ಪುರಾವೆ ಸೀಮಿತ, ಇಲ್ಲವೇ ಸಾಲದು ಎಂದಿತು. ರಾಜ್ಯಗಳ ಕಾಯಿಲೆಪಟ್ಟಿಗಳು ಇದಕ್ಕಿಂತ ಬಹಳ ಉದ್ದ.

ವೈದ್ಯರು ಚೀಟಿ ಬರೆಯದಿರಲು ಕಾರಣ ಫೆಡರಲ್ ಕಾನೂನಿನಲ್ಲಿದೆ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ಮೊದಲ ಅನುಸೂಚಿಗೆ ಸೇರಿಸಿತು. ಒಪ್ಪಿತ ವೈದ್ಯಕೀಯ ಉಪಯೋಗವಿಲ್ಲದ, ದುರ್ಬಳಕೆಯ ಸಾಧ್ಯತೆ ಹೆಚ್ಚಿರುವ ವಸ್ತುಗಳ ಪಟ್ಟಿ ಅದು. ನಿಯಂತ್ರಿತ ಔಷಧ ಬರೆಯಲು ವೈದ್ಯರಿಗೆ ಮಾದಕವಸ್ತು ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಇರಬೇಕು. ಆ ನೋಂದಣಿ ಇದ್ದರೂ ಮೊದಲ ಅನುಸೂಚಿಯ ವಸ್ತುವನ್ನು ರೋಗಿಗೆ ಬರೆದುಕೊಡುವಂತಿಲ್ಲ. 1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು 215ನೇ ಪ್ರಸ್ತಾವವನ್ನು ಗೆಲ್ಲಿಸಿದಾಗ ಅದನ್ನು ಬರೆದವರಿಗೆ ಈ ತೊಡಕು ಗೊತ್ತಿತ್ತು. ಹಾಗಾಗಿ ವೈದ್ಯರ ‘ಶಿಫಾರಸು’ ಇದ್ದರೆ ಸಾಕು, ಅದು ಬಾಯಿಮಾತಿನದ್ದಾದರೂ ಆದೀತು ಎಂದು ಬರೆದರು. ಅದೇ ಡಿಸೆಂಬರ್ ಕೊನೆಗೆ ಕ್ಲಿಂಟನ್ ಸರ್ಕಾರ ಹಾಗೆ ಶಿಫಾರಸು ಮಾಡುವ ವೈದ್ಯರ ನೋಂದಣಿಯನ್ನೇ ಕಿತ್ತುಕೊಳ್ಳುವುದಾಗಿ ಎಚ್ಚರಿಸಿತು.

ಕೋನಂಟ್ ವಿರುದ್ಧ ವಾಲ್ಟರ್ಸ್ ಪ್ರಕರಣ ಬೆಳೆದದ್ದು ಇಲ್ಲಿಂದ. ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 2002ರಲ್ಲಿ, ವೈದ್ಯ ಮತ್ತು ರೋಗಿಯ ನಡುವಿನ ಮಾತು ವಾಕ್ ಸ್ವಾತಂತ್ರ್ಯದ ರಕ್ಷಣೆಯಲ್ಲಿದೆ, ಶಿಫಾರಸು ಮಾಡಿದ್ದಕ್ಕಾಗಿ ನೋಂದಣಿ ರದ್ದು ಮಾಡುವಂತಿಲ್ಲ ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಈ ತೀರ್ಪನ್ನು ಮರುಪರಿಶೀಲಿಸಲು ಒಪ್ಪಲಿಲ್ಲ. ತೀರ್ಪು ವೈದ್ಯರಿಗೆ ಕೊಟ್ಟದ್ದು ಮಾತಿನ ಹಕ್ಕನ್ನು ಮಾತ್ರ. ಔಷಧ ಒದಗಿಸಲು ಕೈಜೋಡಿಸಿದರೆ ಆ ರಕ್ಷಣೆ ಇಲ್ಲ. 2005ರ ಗೊನ್ಸಾಲೆಸ್ ವಿರುದ್ಧ ರೈಚ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಾಜ್ಯದ ಕಾನೂನು ಏನೇ ಹೇಳಿದರೂ ಮನೆಯಲ್ಲಿ ಔಷಧಕ್ಕೆಂದು ಬೆಳೆದ ಗಿಡಕ್ಕೂ ಫೆಡರಲ್ ನಿಷೇಧ ಅನ್ವಯಿಸುತ್ತದೆ ಎಂದು 6–3 ಬಹುಮತದಿಂದ ಸ್ಪಷ್ಟಪಡಿಸಿತು. 2014ರ ಡಿಸೆಂಬರಿನಿಂದ ಕಾಂಗ್ರೆಸ್ ಬಜೆಟ್ ಮಸೂದೆಗಳಲ್ಲಿ ಒಂದು ಷರತ್ತು ಸೇರಿಸುತ್ತ ಬಂದಿದೆ. ರಾಜ್ಯಗಳ ಔಷಧೀಯ ಯೋಜನೆಗಳಿಗೆ ಅಡ್ಡಬರಲು ನ್ಯಾಯ ಇಲಾಖೆ ಹಣ ಖರ್ಚು ಮಾಡಬಾರದು ಎಂಬುದು ಆ ಷರತ್ತು. ನಿಷೇಧ ಹಾಗೇ ಇದೆ, ಅದನ್ನು ಜಾರಿ ಮಾಡುವ ಕೈಗೆ ಕಾಸಿಲ್ಲ. ರಾಜ್ಯಗಳ ಯೋಜನೆಗಳೆಲ್ಲ ನಿಂತಿರುವುದು ಈ ಕಿರಿದಾದ ಜಾಗದಲ್ಲಿ.

ಮಿನ್ನೆಸೋಟ ಈ ದಾರಿ ಹಿಡಿದ 22ನೇ ರಾಜ್ಯ. ಅಪಸ್ಮಾರದ ಮಕ್ಕಳ ತಂದೆತಾಯಂದಿರು ಶಾಸಕರ ಬೆನ್ನು ಬಿಡಲಿಲ್ಲ. ಪೊಲೀಸರು ಒಪ್ಪದ ಮಸೂದೆಗೆ ಸಹಿ ಹಾಕುವುದಿಲ್ಲ ಎಂದು ಗವರ್ನರ್ ಮಾರ್ಕ್ ಡೇಟನ್ ಪಟ್ಟು ಹಿಡಿದರು. ಕೊನೆಗೆ 2014ರ ಮೇ 29ರಂದು ಅವರು ಸಹಿ ಹಾಕಿದ ಕಾನೂನಿನಲ್ಲಿ ಗಾಂಜಾದ ಹೂವಿಗೇ ಜಾಗವಿರಲಿಲ್ಲ. ಸೇದುವಂತಿಲ್ಲ, ಮನೆಯಲ್ಲಿ ಬೆಳೆಯುವಂತಿಲ್ಲ. ಮಾತ್ರೆ, ದ್ರವ, ಎಣ್ಣೆ ಇಷ್ಟಕ್ಕೇ ಒಪ್ಪಿಗೆ. ಎಣ್ಣೆಯನ್ನು ಆವಿ ಮಾಡಿ ಎಳೆದುಕೊಳ್ಳಬಹುದಿತ್ತು. ಸೇದುವುದನ್ನು ನಿಷೇಧಿಸಲು ಶ್ವಾಸಕೋಶದ ಕಾಳಜಿಗಿಂತ ಪೊಲೀಸರ ಅನುಕೂಲ ಹೆಚ್ಚಿನ ಕಾರಣ ಎಂದು ನನಗೆ ತೋರುತ್ತದೆ. ಮಾತ್ರೆಯ ಡಬ್ಬಿಯ ಮೇಲೆ ಲೇಬಲ್ ಇರುತ್ತದೆ. ಜೇಬಿನಲ್ಲಿ ಸಿಕ್ಕ ಹೂ ಅಂಗಡಿಯದೋ ಬೀದಿಯದೋ ಎಂದು ಠಾಣೆಯಲ್ಲಿ ಯಾರು ಹೇಳಬೇಕು? ಆದರೆ ಈ ಒಪ್ಪಂದದಿಂದ ಒಂದು ಅನಿರೀಕ್ಷಿತ ಫಲವೂ ದಕ್ಕಿತು. ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಬಹುದಾದ ವಸ್ತುಗಳಷ್ಟೇ ಮಾರಾಟಕ್ಕೆ ಬಂದದ್ದರಿಂದ, ಯಾರು ಎಷ್ಟು ತೆಗೆದುಕೊಂಡರು ಎಂಬ ಲೆಕ್ಕ ಬೇರೆ ರಾಜ್ಯಗಳಿಗಿಂತ ಇಲ್ಲಿ ಚೊಕ್ಕವಾಗಿ ಸಿಕ್ಕಿತು.

ಬೆಳೆಯುವುದರಿಂದ ಮಾರುವವರೆಗಿನ ಕೆಲಸವೆಲ್ಲ ಆಗ ಎರಡೇ ಕಂಪನಿಗಳದಾಗಿತ್ತು: ಒಟ್ಸೀಗೊ ಊರಿನ ಮಿನ್ನೆಸೋಟ ಮೆಡಿಕಲ್ ಸಲ್ಯೂಷನ್ಸ್ ಮತ್ತು ಕಾಟೇಜ್ ಗ್ರೋವ್‌ನ ಲೀಫ್‌ಲೈನ್ ಲ್ಯಾಬ್ಸ್. ಒಂದೊಂದಕ್ಕೆ ನಾಲ್ಕು, ಒಟ್ಟು ಎಂಟು ಮಾರಾಟ ಕೇಂದ್ರ. 2015ರ ಜುಲೈ 1ರಂದು ಮಾರಾಟ ಶುರುವಾಯಿತು. ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಕಡೆಯವರಿಗೆ ಇದು ಸಾಕಾಗುತ್ತಿತ್ತು. ಉತ್ತರದ ಗಡಿಯ ಹಳ್ಳಿಯವರು ಹಿಬ್ಬಿಂಗ್ ಅಥವಾ ಮೂರ್‌ಹೆಡ್ ಮುಟ್ಟಲು ಗಂಟೆಗಟ್ಟಲೆ ಕಾರು ಓಡಿಸಬೇಕಿತ್ತು. ಹಾಗೆ ಹೋಗಲಾರದವರ ಪರವಾಗಿ ಆರೈಕೆದಾರರು ನೋಂದಾಯಿಸಿಕೊಳ್ಳಬಹುದಿತ್ತು, ಅಪರಾಧ ಹಿನ್ನೆಲೆಯ ತಪಾಸಣೆಯಾದ ಮೇಲೆ.

ರೋಗಿ ನಡೆಯಬೇಕಾದ ದಾರಿ ಹೀಗಿತ್ತು. ಮೊದಲು, ಯೋಜನೆಯಲ್ಲಿ ನೋಂದಾಯಿಸಿಕೊಂಡ ವೈದ್ಯರನ್ನೋ ಉನ್ನತ ದರ್ಜೆಯ ನರ್ಸನ್ನೋ ಹುಡುಕಬೇಕು. ಅವರು ಕಾಯಿಲೆಯನ್ನು ಆನ್‌ಲೈನಿನಲ್ಲಿ ದೃಢೀಕರಿಸಿದ ಮೇಲೆ ರೋಗಿಗೆ ಇಲಾಖೆಯಿಂದ ಇಮೇಲ್ ಬರುತ್ತದೆ. ಅದರಲ್ಲಿನ ಕೊಂಡಿ ಒತ್ತಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ವರ್ಷಕ್ಕೆ 200 ಡಾಲರ್ ಶುಲ್ಕ ಕಟ್ಟಬೇಕಿತ್ತು. ಸರ್ಕಾರಿ ನೆರವಿನಲ್ಲಿರುವವರಿಗೆ 50 ಡಾಲರ್. ಅನುಮೋದನೆ ಬಂದ ಮೇಲೆ ಕೇಂದ್ರಕ್ಕೆ ಹೋಗಿ ಫಾರ್ಮಸಿಸ್ಟ್ ಎದುರು ಕೂರಬೇಕು.

ಯೋಜನೆಯ ಜೀವಾಳ ಈ ಭೇಟಿ. ಫಾರ್ಮಸಿಸ್ಟ್ ಒಪ್ಪದೆ ಕೇಂದ್ರದಿಂದ ಒಂದು ಮಾತ್ರೆಯೂ ಹೊರಗೆ ಹೋಗುವಂತಿಲ್ಲ ಎಂದು ಮೂಲ ಕಾನೂನೇ ಹೇಳಿತ್ತು. ರೋಗಿ ಈಗಾಗಲೇ ಏನೇನು ಔಷಧ ತೆಗೆದುಕೊಳ್ಳುತ್ತಿದ್ದಾರೆ ಎಂದು ಫಾರ್ಮಸಿಸ್ಟ್ ವಿಚಾರಿಸುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ ಗಾಂಜಾದ ಅಂಶವಾದ ಸಿಬಿಡಿ ಕೊಟ್ಟರೆ ವಾರ್ಫರಿನ್‌ನ ಪ್ರಭಾವ ಏರಬಹುದು. ಅಪಸ್ಮಾರಕ್ಕೆ ಕೊಡುವ ಕ್ಲೋಬಜಾಮ್ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಮತ್ತೇರಿಸುವ ಟಿಎಚ್‌ಸಿ ಮತ್ತು ಮತ್ತೇರಿಸದ ಸಿಬಿಡಿ ಯಾವ ಪ್ರಮಾಣದಲ್ಲಿರಬೇಕು ಎಂದು ಗೊತ್ತುಮಾಡಿ, ಕಡಿಮೆ ಡೋಸಿನಿಂದ ಶುರುಮಾಡಿ ನಿಧಾನಕ್ಕೆ ಏರಿಸಲು ಹೇಳುತ್ತಾರೆ. ಕೌಂಟರಿನ ಹಿಂದೆ ಫಾರ್ಮಸಿ ಓದಿರದ ಮಾರಾಟಗಾರ ನಿಂತು ‘ಇದು ಚೆನ್ನಾಗಿದೆ’ ಎನ್ನುವ ಅನೇಕ ರಾಜ್ಯಗಳ ಪದ್ಧತಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೂ ಇಲ್ಲೊಂದು ಗಂಟಿದೆ. ಡೋಸು ಹೇಳುವವರ ಸಂಬಳ ಬರುವುದು ಆ ಡೋಸಿನ ಮಾರಾಟದಿಂದ. ವೈದ್ಯ ಮತ್ತು ಔಷಧಿ ಅಂಗಡಿಯ ನಡುವೆ ಆಧುನಿಕ ವೈದ್ಯಪದ್ಧತಿ ಕಷ್ಟಪಟ್ಟು ಎಳೆದ ಗೆರೆ ಇಲ್ಲಿ ಅಳಿಸಿಹೋಗಿದೆ, ಅದನ್ನು ಅಳಿಸಿದ್ದು ಕಾನೂನೇ. ಫಾರ್ಮಸಿಸ್ಟರ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ವ್ಯವಸ್ಥೆ ಅದೊಂದನ್ನೇ ನೆಚ್ಚಿಕೊಂಡಿದೆ ಎಂಬುದು ಕೊರತೆ.

ಪ್ರತಿ ಖರೀದಿಗೆ ಮುನ್ನ ರೋಗಿ ಒಂದು ಪ್ರಶ್ನಾವಳಿ ತುಂಬಬೇಕು. ಆತಂಕ, ಹಸಿವಿಲ್ಲದಿರುವುದು, ಖಿನ್ನತೆ, ನಿದ್ದೆಗೇಡು, ದಣಿವು, ವಾಕರಿಕೆ, ನೋವು, ವಾಂತಿ ಎಂಬ ಎಂಟು ಬಾಧೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಗ್ರಾಹಕರಿಂದ ಇಂಥ ದತ್ತಾಂಶವನ್ನು ಕಾನೂನುಬದ್ಧವಾಗಿ ವಸೂಲು ಮಾಡಿದ ರಾಜ್ಯಗಳು ವಿರಳ. 2016ರ ಆಗಸ್ಟ್‌ನಲ್ಲಿ ‘ಬೇರಾವ ಚಿಕಿತ್ಸೆಗೂ ಬಗ್ಗದ ನೋವು’ ಪಟ್ಟಿಗೆ ಸೇರಿತು. ಮೊದಲ ಐದು ತಿಂಗಳಲ್ಲಿ ಹಾಗೆ ನೋಂದಾಯಿಸಿಕೊಂಡ 2,245 ಜನರ ವರದಿಯನ್ನು ಇಲಾಖೆ 2018ರಲ್ಲಿ ಪ್ರಕಟಿಸಿತು. ಆರಂಭದಲ್ಲಿ ಮಧ್ಯಮ ಅಥವಾ ತೀವ್ರ ನೋವು ಹೇಳಿಕೊಂಡವರಲ್ಲಿ ಶೇ 42 ಮಂದಿಗೆ ನೋವಿನ ಅಂಕ ಶೇ 30 ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು. ಆ ಇಳಿಕೆ ನಾಲ್ಕು ತಿಂಗಳು ಉಳಿದದ್ದು ಶೇ 22 ಮಂದಿಗೆ. ಓಪಿಯಾಯ್ಡ್ ನೋವುನಿವಾರಕ ತೆಗೆದುಕೊಳ್ಳುತ್ತಿದ್ದ 353 ರೋಗಿಗಳಲ್ಲಿ ಶೇ 63 ಮಂದಿ ಆರು ತಿಂಗಳಲ್ಲಿ ಅದನ್ನು ಕಡಿಮೆ ಮಾಡಿದ್ದರು ಅಥವಾ ಬಿಟ್ಟಿದ್ದರು.

ಪತ್ರಿಕೆಗಳು ಎತ್ತಿಕೊಂಡದ್ದು 63 ಮತ್ತು 42ನ್ನು. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು 22. ಅದಕ್ಕಿಂತ ಮುಖ್ಯವಾದದ್ದು ಪ್ರಶ್ನಾವಳಿಯ ರಚನೆ. ಅದನ್ನು ತುಂಬಿಸುವುದು ಮುಂದಿನ ಖರೀದಿಯ ಹೊತ್ತಿಗೆ. ಔಷಧ ಒಗ್ಗದೆ ಅಥವಾ ದುಡ್ಡು ಸಾಲದೆ ಬಿಟ್ಟವರು ಮತ್ತೆ ಬರುವುದಿಲ್ಲ, ಅಂಕ ಕೊಡುವುದೂ ಇಲ್ಲ. ಹೋಲಿಕೆಗೆ ಗಾಂಜಾ ತೆಗೆದುಕೊಳ್ಳದ ಗುಂಪೂ ಇಲ್ಲ. ಇಲಾಖೆಯ ಸಂಶೋಧಕರು ಈ ಮಿತಿಗಳನ್ನು ಬಲ್ಲರು. ಶೇ 22ರ ಲೆಕ್ಕವನ್ನು ಬೇರೆಯಾಗಿ ಕೊಟ್ಟದ್ದೇ ಅವರ ಎಚ್ಚರಕ್ಕೆ ಸಾಕ್ಷಿ. ಹಾಗಿದ್ದರೂ ಈ ದತ್ತಾಂಶ ಪೂರ್ಣ ಪ್ರಮಾಣದ ವೈದ್ಯಕೀಯ ಪ್ರಯೋಗದ ಜಾಗದಲ್ಲಿ ನಿಲ್ಲಲಾರದು. ಅಂಥ ಪ್ರಯೋಗ ನಡೆದದ್ದಕ್ಕೆ ಉದಾಹರಣೆ ಎಪಿಡಿಯೊಲೆಕ್ಸ್. ಗಿಡದಿಂದಲೇ ತೆಗೆದ ಶುದ್ಧ ಸಿಬಿಡಿಯ ಈ ದ್ರವ ನಿಯಂತ್ರಿತ ಪ್ರಯೋಗಗಳನ್ನು ದಾಟಿ, ಮಕ್ಕಳ ಎರಡು ಅಪರೂಪದ ಅಪಸ್ಮಾರಗಳಿಗೆ 2018ರ ಜೂನ್‌ನಲ್ಲಿ ಫೆಡರಲ್ ಒಪ್ಪಿಗೆ ಪಡೆಯಿತು. ಅದನ್ನು ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ, ವಿಮೆಯ ವ್ಯಾಪ್ತಿಗೂ ಬರುತ್ತದೆ.

ವಿಮೆ ಎಂದೊಡನೆ ಯೋಜನೆಯ ನೋಯುವ ಜಾಗ ಬಂತು. ಚೀಟಿ ಇಲ್ಲದ್ದಕ್ಕೆ ವಿಮೆ ಇಲ್ಲ. ಕೇಂದ್ರದ ಬಿಲ್ಲು ಪೂರ್ತಿ ರೋಗಿಯ ಕಿಸೆಯಿಂದ, ತಿಂಗಳಿಗೆ ನೂರಾರು ಡಾಲರ್. ಆದಾಯ ತೆರಿಗೆ ಸಂಹಿತೆಯ 280ಇ ಕಲಮಿನಂತೆ ಮೊದಲೆರಡು ಅನುಸೂಚಿಗಳ ವಸ್ತು ಮಾರುವ ಕಂಪನಿ ಬಾಡಿಗೆ, ಸಂಬಳಗಳಂಥ ಮಾಮೂಲಿ ಖರ್ಚನ್ನೂ ಲಾಭದಿಂದ ಕಳೆಯುವಂತಿಲ್ಲ. ಆ ಹೊರೆಯೂ ಬೆಲೆಯೊಳಕ್ಕೆ ಇಳಿಯುತ್ತದೆ. ಎರಡೂ ಕಂಪನಿಗಳು ಮೊದಲ ವರ್ಷಗಳಲ್ಲಿ ನಷ್ಟ ತೋರಿಸಿದವು. ಅತ್ತ ರೋಗಿಗಳು ಬೆಲೆ ಕೇಳಿ ಹಿಂದೆ ಸರಿದರು. ಬೀದಿಯಲ್ಲಿ ಹೂ ಇದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. 2022ರ ಮಾರ್ಚ್‌ನಿಂದ 21 ದಾಟಿದ ರೋಗಿಗಳಿಗೆ ಒಣ ಹೂ ಮಾರಲು ಅವಕಾಶ ಕೊಟ್ಟದ್ದಕ್ಕೆ ಬೆಲೆಯೇ ಮುಖ್ಯ ಕಾರಣ. ಏಳು ವರ್ಷ ಕಾಪಾಡಿಕೊಂಡು ಬಂದ ಮಿಲಿಗ್ರಾಂ ಲೆಕ್ಕದ ನಿಖರತೆ ಅಲ್ಲಿಗೆ ಸಡಿಲವಾಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಬೇರೊಂದು ಅಪಾಯವಿದೆ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವೂ ಫೆಡರಲ್ ಸರ್ಕಾರದ ಕೈಯಲ್ಲಿರುವ ವಿಷಯಗಳು. ಗಾಂಜಾ ಹೊಂದಿರುವುದು ರಾಜ್ಯದ ಕಾನೂನಿನಂತೆ ಸರಿಯಾಗಿದ್ದರೂ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅದು ಅಡ್ಡಿಯಾಗಬಹುದು ಎಂದು ವಲಸೆ ಸೇವೆಗಳ ಇಲಾಖೆ 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ಎಂಜಿನಿಯರಿಗೆ ಬೆನ್ನುನೋವಿನ ಔಷಧಕ್ಕಾಗಿ ಸರ್ಕಾರಿ ದಾಖಲೆಯಲ್ಲಿ ಹೆಸರು ಬರೆಸುವುದು ನಾಗರಿಕರಿಗಿದ್ದಷ್ಟು ಸಲೀಸಲ್ಲ. ಆ ಡಬ್ಬಿಯನ್ನು ಊರಿಗೆ ತರುವುದಂತೂ ಕೂಡದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅದಕ್ಕೆ ಅನ್ವಯಿಸುವುದು ಭಾರತದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ.

ನಮ್ಮ ಕಾಯ್ದೆಯ ರೀತಿಯೇ ಬೇರೆ. ಅದು ಚರಸ್ಸನ್ನೂ ಗಾಂಜಾ ಹೂವಿನ ತೆನೆಯನ್ನೂ ನಿಷೇಧಿಸುತ್ತದೆ. ತೆನೆ ಜೊತೆಗಿಲ್ಲದ ಎಲೆ, ಬೀಜ ನಿಷೇಧದ ಹೊರಗುಳಿದಿವೆ. ಎಲೆಯಿಂದ ಮಾಡುವ ಭಂಗಿಯನ್ನು ಕಾಯ್ದೆ ನಿಷೇಧಿಸಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದೆ. ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನ ಇದೇ ಗಿಡ ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ ವಿಷದ್ರವ್ಯವಾಗಿ ದಾಖಲಾಗಿದ್ದು, ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬೇಕೆಂಬ ಎಚ್ಚರಿಕೆಯೊಡನೆ ಮಾರಾಟವಾಗುತ್ತದೆ. ಬೆಂಗಳೂರಿನ ಆಯುರ್ವೇದ ವೈದ್ಯರು ಎಲೆಯ ಔಷಧವನ್ನು ಚೀಟಿಯಲ್ಲಿ ಬರೆಯಬಲ್ಲರು, ಹೂವನ್ನು ಮುಟ್ಟಲಾರರು. ಮಿನ್ನಿಯಾಪೊಲಿಸ್ಸಿನ ವೈದ್ಯರ ರೋಗಿಗೆ ಹೂ ಸಿಗುತ್ತದೆ, ಚೀಟಿ ಸಿಗುವುದಿಲ್ಲ. ನಮ್ಮಲ್ಲಿ ಹೊಣೆ ಒಬ್ಬರ ಮೇಲೇ ಇದೆ. ಆದರೆ ರೋಗಿಗೆ ಏನಾಯಿತೆಂದು ಕೇಳಿ ಬರೆದಿಡುವ ಇಲಾಖೆ ಇಲ್ಲ.

ಮಿನ್ನೆಸೋಟದ ದೃಶ್ಯ ಈಗ ಮತ್ತೆ ಬದಲಾಗಿದೆ. 2023ರ ಮೇನಲ್ಲಿ ಗವರ್ನರ್ ಟಿಮ್ ವಾಲ್ಜ್ ಸಹಿ ಹಾಕಿದ ಕಾನೂನು 21 ದಾಟಿದ ಎಲ್ಲರಿಗೂ ಗಾಂಜಾ ಬಳಕೆಯನ್ನು ಮುಕ್ತಗೊಳಿಸಿತು. ರೋಗಿಗಳ ನೋಂದಣಿ ಶುಲ್ಕ ಅದೇ ಜುಲೈಯಿಂದ ರದ್ದಾಯಿತು. 2024ರ ಜುಲೈಯಲ್ಲಿ ಯೋಜನೆ ಆರೋಗ್ಯ ಇಲಾಖೆಯಿಂದ ಹೊಸ ಗಾಂಜಾ ನಿರ್ವಹಣಾ ಕಚೇರಿಗೆ ವರ್ಗವಾಯಿತು. ಎರಡು ಕಂಪನಿಗಳಲ್ಲಿ ಲೀಫ್‌ಲೈನ್ ಹೊರರಾಜ್ಯದ ದೊಡ್ಡ ಕಂಪನಿಯೊಂದರ ಪಾಲಾಗಿತ್ತು. ಈಗ ರೋಗಿಯಾಗಿ ನೋಂದಾಯಿಸಿಕೊಂಡವರಿಗೆ ಗಾಂಜಾ ತೆರಿಗೆ ಇಲ್ಲ. ಹಾಗೇ ಅಂಗಡಿಗೆ ಹೋಗಿ ಕೊಳ್ಳುವವರು ಅದನ್ನು ಕಟ್ಟಬೇಕು. ಆ ಉಳಿತಾಯ ಬೇಡ ಎನಿಸಿದ ರೋಗಿ ಪ್ರಶ್ನಾವಳಿಯನ್ನೂ ಫಾರ್ಮಸಿಸ್ಟರನ್ನೂ ಬಿಟ್ಟು ನೇರ ಕೌಂಟರಿಗೆ ಹೋಗಬಹುದು. ಹಾಗೆ ಹೋದವರ ನೋವಿನ ಅಂಕ ಯಾವ ದಾಖಲೆಗೂ ಸೇರುವುದಿಲ್ಲ, ಅವರು ನುಂಗುತ್ತಿರುವ ಬೇರೆ ಮಾತ್ರೆಗಳ ಬಗ್ಗೆ ಕೌಂಟರಿನವರು ಕೇಳಬೇಕಾಗಿಯೂ ಇಲ್ಲ. 2015ರಿಂದ ಕೂಡಿಟ್ಟ ದತ್ತಾಂಶ ಮುಂದೆಯೂ ಬೆಳೆಯಬೇಕಾದರೆ ನೋಂದಾಯಿತ ರೋಗಿಗಳನ್ನು ಉಳಿಸಿಕೊಳ್ಳಲು ರಾಜ್ಯದ ಕೈಯಲ್ಲಿ ಸದ್ಯಕ್ಕಿರುವ ದೊಡ್ಡ ಆಮಿಷ ಆ ತೆರಿಗೆ ವಿನಾಯಿತಿಯೇ.