ಪೆಟ್ಟು ಬಿದ್ದ ಮೇಲೆ

ಗದಗಿನ ಬಳಿಯ ಹೊಂಬಳದ ದಾರಿಯಲ್ಲಿ ಚಕ್ಕಡಿಯಿಂದಲೋ ಬೈಕಿನಿಂದಲೋ ಬಿದ್ದು ತಲೆಗೆ ಪೆಟ್ಟು ತಗಲಿದವನು ಎದ್ದು ನೀರು ಕುಡಿದನೆಂದರೆ, 'ಏನೂ ಆಗಿಲ್ಲ ಬಿಡು' ಎನ್ನುವುದು ವಾಡಿಕೆ. ಎಷ್ಟೋ ವೈದ್ಯರೂ ಬಹುಕಾಲ ಹೀಗೆಯೇ ನಂಬಿದ್ದರು. ಉರಿಯೂತಕ್ಕೆ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ಹೇಳಿದ್ದನು. ಕಾಲಿನ ಗಾಯದಲ್ಲಿ ಇವು ಕಣ್ಣಿಗೆ ಬೀಳುತ್ತವೆ. ಬುರುಡೆಯೊಳಗಿನದು ಯಾರಿಗೆ ಕಾಣಬೇಕು?

1919ರಲ್ಲಿ ಸ್ಪೇನಿನ ರಿಯೋ ಒರ್ತೇಗಾ ಮಿದುಳಿನ ಕಾವಲು ಕೋಶಗಳನ್ನು ಗುರುತಿಸಿ 'ಮೈಕ್ರೋಗ್ಲಿಯಾ' ಎಂದು ಕರೆದನು. 1928ರಲ್ಲಿ ಅಮೆರಿಕದ ಮಾರ್ಟ್‌ಲ್ಯಾಂಡ್, ಮೇಲಿಂದ ಮೇಲೆ ಪೆಟ್ಟು ತಿಂದ ಮುಷ್ಟಿಮಲ್ಲರ ನಡೆ ತಪ್ಪಿ ಬುದ್ಧಿ ಮಂಕಾಗುವುದನ್ನು ಬರೆದನು. ಇವೆರಡರ ನಂಟು ತಿಳಿಯಲು ದಶಕಗಳೇ ಹಿಡಿದವು.

ಮಿದುಳು ಅಲುಗಿದಾಗ ನರಕೋಶಗಳ ಎಳೆಗಳು ಜಗ್ಗುತ್ತವೆ. ನಿಮಿಷಗಳಲ್ಲಿ ಕೆಲವು ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಗಂಟೆಗಳಲ್ಲಿ ಉರಿಯೂತದ ಸಂದೇಶವಸ್ತುಗಳನ್ನು ಮಾಡಿಸುವ ವಂಶವಾಹಿಗಳೂ ಕೆಲಸಕ್ಕೆ ಇಳಿಯುತ್ತವೆ. ಮೈಕ್ರೋಗ್ಲಿಯಾ ಬಂದು ಹಾಳಾದುದನ್ನು ಬಳಿಯುತ್ತವೆ. ಇದು ದುರಸ್ತಿಯೇ ಸರಿ. ಆದರೆ ನಿಲ್ಲಬೇಕಾದಾಗ ನಿಲ್ಲದಿದ್ದರೆ, ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ದುರಸ್ತಿಯೇ ಕೇಡಾಗಬಹುದು. ಹಗುರ ಪೆಟ್ಟಿನಲ್ಲಿ ಸಿ.ಟಿ. ಚಿತ್ರವು ಬಹುಮಟ್ಟಿಗೆ ಇದನ್ನು ತೋರಿಸದು. 'ಚಿತ್ರ ಚೆನ್ನಾಗಿದೆ' ಎಂದು ಮರುದಿನವೇ ಕುಸ್ತಿಯ ಕಣಕ್ಕೆ ಇಳಿಸುವುದು ನನಗೆ ದುಡುಕೆನಿಸುತ್ತದೆ.

ಮಿದುಳನ್ನು ಅರಿಯಲು ಮಿದುಳೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರು ಮಿದುಳಿನ ಭಂಡಾರವನ್ನು ಕಟ್ಟಿದರು. ಅಲ್ಲಿರುವ ಮಿದುಳುಗಳಲ್ಲಿ ಅನೇಕವು ರಸ್ತೆ ಅಪಘಾತದಲ್ಲಿ ತೀರಿಕೊಂಡವರವು. ಮನೆಯವರು ದುಃಖದ ನಡುವೆಯೇ ಒಪ್ಪಿ ಕೊಟ್ಟವು.