ಬೆಚ್ಚಿದ ಮಗು: ಅಂತ್ರದಿಂದ ಆಪ್ತಸಮಾಲೋಚನೆಯವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಮಗುವೊಂದು ರಾತ್ರಿ ಬೆಚ್ಚಿ ಬಿದ್ದು ಅತ್ತರೆ ಹಿರಿಯರಿಗೆ ಮೊದಲು ತೋಚುವುದು ದೃಷ್ಟಿ ತೆಗೆಯುವುದು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿಯನ್ನು ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರಲಿಲ್ಲವೆಂದರೆ ದೃಷ್ಟಿ ಬಲವಾಗಿತ್ತೆಂದು ಲೆಕ್ಕ. ಅದಕ್ಕೂ ಬಗ್ಗದಿದ್ದರೆ ಕೊರಳಿಗೋ ತೋಳಿಗೋ ಅಂತ್ರ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಆಚರಣೆಯ ಹಿಂದೆ ಒಂದು ತಿಳಿವಳಿಕೆ ಇದೆ. ಮಗುವಿನ ಭಯ ನಿಜವಾದ ತೊಂದರೆ, ಅದಕ್ಕೆ ದೊಡ್ಡವರು ಏನಾದರೂ ಮಾಡಲೇಬೇಕು ಎಂಬುದೇ ಆ ತಿಳಿವಳಿಕೆ. ಆಯುರ್ವೇದವೂ ಇದನ್ನು ಬಲ್ಲದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳ ಲಕ್ಷಣಗಳೂ ಅವುಗಳಿಗೆ ಚಿಕಿತ್ಸೆಯೂ ಇವೆ. ಸೋಜಿಗವೆಂದರೆ ಮಕ್ಕಳ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬುದನ್ನು ಆಧುನಿಕ ವೈದ್ಯಶಾಸ್ತ್ರ ಪೂರ್ಣವಾಗಿ ಒಪ್ಪಿಕೊಂಡದ್ದು ತೀರ ಈಚೆಗೆ.

ಭಯದ ವಿಷಯದಲ್ಲಿ ಆರಂಭವೇನೋ ಬೇಗನೆ ಆಯಿತು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಪೀಟರ್ ಎಂಬ ಪುಟ್ಟ ಹುಡುಗನ ಕಥೆಯನ್ನು ಪ್ರಕಟಿಸಿದರು. ಆತನಿಗೆ ಮೊಲ ಕಂಡರೆ ಆಗದು. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನಗಳೆದಂತೆ ಹತ್ತಿರ ಹತ್ತಿರ ತಂದರು. ಕೊನೆಗೆ ಪೀಟರ್ ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಮೊಲವನ್ನು ಸವರುವಂತಾದ. ಇಂದಿನ ಆತಂಕ ಚಿಕಿತ್ಸೆಯ ಬೀಜ ಇದೇ. ಹೆದರಿಸುವ ವಸ್ತುವಿನಿಂದ ಮಗುವನ್ನು ದೂರ ಒಯ್ಯದೆ, ಸ್ವಲ್ಪಸ್ವಲ್ಪವಾಗಿ ಅದರ ಎದುರು ನಿಲ್ಲಿಸುವುದು. ಆದರೆ ಈ ಪ್ರಯೋಗವನ್ನು ಅಂದು ಗಮನಿಸಿದವರು ಕಡಿಮೆ. ಅದರ ಮಹತ್ವ ತಿಳಿಯಲು ಮೂರು ದಶಕಗಳೇ ಬೇಕಾದವು.

ಖಿನ್ನತೆಯ ಕಥೆ ಇದಕ್ಕಿಂತ ನಿಧಾನ. ಮಕ್ಕಳಿಗೆ ಖಿನ್ನತೆ ಬರುವುದೇ ಸಾಧ್ಯವಿಲ್ಲ, ಅದಕ್ಕೆ ಬೇಕಾದಷ್ಟು ಅವರ ಮನಸ್ಸು ಬಲಿತಿರುವುದಿಲ್ಲ ಎಂಬುದು ಬಹುಕಾಲ ಮನೋವಿಶ್ಲೇಷಕರ ವಾದವಾಗಿತ್ತು. ತಾಯಿಯಿಂದ ಅಗಲಿದ ಎಳೆಗೂಸುಗಳು ಅತ್ತು ಅತ್ತು ಕೊನೆಗೆ ಮಂಕಾಗಿ ಮಲಗುವುದನ್ನು ರೆನೆ ಸ್ಪಿಟ್ಸ್ 1946ರಲ್ಲೇ ವರ್ಣಿಸಿದ್ದರೂ ಶಾಸ್ತ್ರ ಜಗ್ಗಲಿಲ್ಲ. 1971ರಲ್ಲಿ ಯುರೋಪಿನ ಮಕ್ಕಳ ಮನೋವೈದ್ಯರು ಸ್ಟಾಕ್‌ಹೋಮ್‌ನಲ್ಲಿ ಸೇರಿ ಈ ವಿಷಯವನ್ನೇ ಚರ್ಚಿಸಿದ ಮೇಲೆ ಗಾಳಿ ಬದಲಾಯಿತು. ಅಜ್ಜಿಯರಿಗೆ ಕಂಡದ್ದು ಪಂಡಿತರಿಗೆ ಕಾಣಲು ಇಷ್ಟು ಹೊತ್ತಾಯಿತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲೆಯಾದದ್ದು ಬೆಂಗಳೂರು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಆಸ್ಪತ್ರೆ ಮತ್ತು ಸಂಸ್ಥೆಗಳೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ರೋಗಿ ಬೆಂಗಳೂರಿಗೆ ಬರಲಿ ಎಂದು ಕಾಯದೆ ಹಳ್ಳಿಗೇ ಹೋಗಬೇಕೆಂಬ ವಿಚಾರವೂ ಅದೇ ದಶಕದಲ್ಲಿ ಮೊಳೆಯಿತು. ಸಕಲವಾರದ ಗ್ರಾಮೀಣ ಕೇಂದ್ರ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಯೋಗ ಅದರ ಫಲ. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಮಕ್ಕಳ ಬಗ್ಗೆ ನಿಮ್ಹಾನ್ಸ್‌ನವರು ಕಂಡುಕೊಂಡ ಒಂದು ಸಂಗತಿ ಪುಸ್ತಕಗಳಲ್ಲಿ ಇದ್ದುದಕ್ಕಿಂತ ಬೇರೆಯಾಗಿತ್ತು. ನಮ್ಮ ಮಗು ‘ನನಗೆ ಬೇಸರ’ ಎನ್ನುವುದಿಲ್ಲ. ಹೊಟ್ಟೆನೋವು ಎನ್ನುತ್ತದೆ, ತಲೆನೋವು ಎನ್ನುತ್ತದೆ, ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಕುಸಿಯುತ್ತದೆ. ಕೆಲವರಿಗೆ ಮಾತು ನಿಲ್ಲುತ್ತದೆ, ಕೆಲವರಿಗೆ ಕಾಲು ಬಾರದಾಗುತ್ತದೆ. ವೈದ್ಯರು ಎಲ್ಲ ಪರೀಕ್ಷೆ ಮಾಡಿದರೂ ದೇಹದಲ್ಲಿ ದೋಷ ಸಿಗುವುದಿಲ್ಲ. ಹಿಸ್ಟೀರಿಯಾ ಎಂದು ಹಿಂದೆ ಕರೆಯುತ್ತಿದ್ದ ಈ ತೊಂದರೆಯಿಂದ ಬೆಂಗಳೂರಿನಲ್ಲಿ ಒಳರೋಗಿಗಳಾಗಿ ದಾಖಲಾದ ಮಕ್ಕಳ ಬಗ್ಗೆ ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 1993ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಪತ್ರಿಕೆಯಲ್ಲಿ ಬರೆದರು. ಪಶ್ಚಿಮದಲ್ಲಿ ಅಪರೂಪವಾಗುತ್ತ ಬಂದಿದ್ದ ಈ ಕಾಯಿಲೆ ಇಲ್ಲಿ ಇನ್ನೂ ಜೀವಂತವಾಗಿತ್ತು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ದೇಹ ಹೇಳುತ್ತದೆ. ಅದನ್ನು ‘ನಾಟಕ’ ಎನ್ನುವವರಿಗೆ, ‘ಗಾಳಿ ಸೋಕಿದೆ’ ಎನ್ನುವವರಿಗೆ, ಇಬ್ಬರಿಗೂ ಮಗುವಿನ ಮಾತು ಕೇಳಿಸುವುದಿಲ್ಲ.

ಹಾಗಾದರೆ ಎಷ್ಟು ಮಕ್ಕಳಿಗೆ ತೊಂದರೆ? ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 16 ವರ್ಷದವರೆಗಿನ 2064 ಮಕ್ಕಳನ್ನು ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಶೇ 12.5 ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತು. ಇದರಲ್ಲಿ ಹಾಸಿಗೆಯಲ್ಲಿ ಮೂತ್ರ ಮಾಡುವುದು, ಉಗ್ಗು, ನಿರ್ದಿಷ್ಟ ವಸ್ತುವಿನ ಭಯ ಎಲ್ಲ ಸೇರಿವೆ. ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಹಳ್ಳಿಯ ಮಕ್ಕಳಿಗೆ ಇಂಥದೆಲ್ಲ ಬರುವುದಿಲ್ಲ ಎಂಬ ಭ್ರಮೆ ಅಲ್ಲಿಗೆ ಮುಗಿಯಬೇಕಿತ್ತು. ಹೆಚ್ಚು ಯೋಚಿಸಬೇಕಾದ ಅಂಕಿ ಇನ್ನೊಂದು: ಮಗುವಿಗೆ ತೊಂದರೆಯಿದೆ ಎಂದು ಮನೆಯವರಿಗೆ ಅನ್ನಿಸಿದ್ದು ಶೇ 37.5 ಕುಟುಂಬಗಳಲ್ಲಿ ಮಾತ್ರ.

ಇತ್ತ ಚಿಕಿತ್ಸೆಯ ಪರೀಕ್ಷೆ ಅಮೆರಿಕದಲ್ಲಿ ಭರದಿಂದ ನಡೆದಿತ್ತು. ಫಿಲಿಪ್ ಕೆಂಡಲ್ 1994ರಲ್ಲಿ 47 ಮಕ್ಕಳ ಮೇಲೆ, ಆಲೋಚನೆಯನ್ನೂ ವರ್ತನೆಯನ್ನೂ ತಿದ್ದುವ ಮಾತಿನ ಚಿಕಿತ್ಸೆ ಆತಂಕವನ್ನು ಇಳಿಸುತ್ತದೆಂದು ತೋರಿಸಿದರು. ಪೀಟರನ ಮೊಲ ಮತ್ತೆ ಬಂದಿತ್ತು. 2008ರಲ್ಲಿ 488 ಮಕ್ಕಳ ದೊಡ್ಡ ಪ್ರಯೋಗದ ಫಲಿತಾಂಶ ಹೊರಬಿತ್ತು. ಮಾತಿನ ಚಿಕಿತ್ಸೆ ಮತ್ತು ಸರ್ಟ್ರಲೀನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ 80.7 ಮಂದಿ ಚೆನ್ನಾಗಿ ಸುಧಾರಿಸಿದ್ದರು. ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ 59.7, ಮಾತ್ರೆ ಮಾತ್ರ ನುಂಗಿದವರಲ್ಲಿ 54.9, ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ 23.7. ಹದಿಹರೆಯದ ಖಿನ್ನತೆ ಇಷ್ಟು ಸುಲಭವಾಗಿ ಮಣಿಯಲಿಲ್ಲ. 439 ಮಂದಿಯ ಮೇಲೆ ನಡೆದ 2004ರ ಪರೀಕ್ಷೆಯಲ್ಲಿ ಮಾತಿನ ಚಿಕಿತ್ಸೆಯೊಂದರಿಂದಲೇ ಸುಧಾರಿಸಿದವರು ಶೇ 43.2, ಹುಸಿ ಮಾತ್ರೆಯವರೇ 34.8 ಇದ್ದರು. ಫ್ಲುಆಕ್ಸೆಟೀನ್ ಮಾತ್ರೆ ಜೊತೆಗೂಡಿದಾಗ ಅದು ಶೇ 71ಕ್ಕೆ ಏರಿತು.

ಮಾತ್ರೆಗಳ ಇತಿಹಾಸದಲ್ಲಿ ಕಪ್ಪು ಪುಟವೂ ಇದೆ. ಪ್ಯಾರಾಕ್ಸೆಟೀನ್ ಹದಿಹರೆಯದವರ ಖಿನ್ನತೆಗೆ ಪರಿಣಾಮಕಾರಿ, ಸುರಕ್ಷಿತ ಎಂದು 2001ರಲ್ಲಿ ಪ್ರಬಂಧವೊಂದು ಸಾರಿತು. ಮೂಲ ದಾಖಲೆಗಳನ್ನು ತೆಗೆದು ಸ್ವತಂತ್ರ ಸಂಶೋಧಕರು ಮರುಪರಿಶೀಲಿಸಿ 2015ರಲ್ಲಿ ಬರೆದಾಗ ಎರಡೂ ಮಾತು ಸುಳ್ಳಾಯಿತು. ಅಷ್ಟರಲ್ಲಿ, 2004ರಲ್ಲೇ, ಇಂಥ ಮಾತ್ರೆಗಳು ಕೆಲವು ಎಳೆಯರಲ್ಲಿ ಸಾಯುವ ಯೋಚನೆಯನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿಸಿತ್ತು. ಮಾತ್ರೆ ಬೇಡವೆಂದು ಇದರ ಅರ್ಥವಲ್ಲ. ಕೊಟ್ಟ ಮೇಲೆ, ವಿಶೇಷವಾಗಿ ಮೊದಲ ಕೆಲವು ವಾರ, ಮಗುವನ್ನು ಆಗಾಗ ಕಂಡು ಮಾತಾಡಿಸುವ ವೈದ್ಯರು ಬೇಕೆಂದು ಅರ್ಥ. ಅಂಗಡಿಯಲ್ಲಿ ಕೇಳಿ ತರುವ ವಸ್ತು ಇದಲ್ಲ.

ತೊಡಕು ಇರುವುದು ಇಲ್ಲಿಯೇ. ಕೆಂಡಲ್‌ರ ಕ್ರಮದಲ್ಲಿ ಮಗು ಚಿಕಿತ್ಸಕರನ್ನು ಕಾಣಬೇಕಾದದ್ದು ಹದಿನಾರು ಸಲ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು. ಹದಿನಾರು ಸಲ ಹೋಗಿ ಬರುವುದೆಂದರೆ ನಾಲ್ಕೂವರೆ ಸಾವಿರ ಕಿಲೋಮೀಟರಿನ ಪ್ರಯಾಣ, ಹದಿನಾರು ದಿನದ ಕೂಲಿ, ಹದಿನಾರು ದಿನದ ಶಾಲೆ. ಉಂಡೆ ಕೊಬ್ಬರಿಯ ಧಾರಣೆ ಕುಸಿದ ವರ್ಷ, ನುಸಿ ಬಿದ್ದ ವರ್ಷ, ಕೊಳವೆಬಾವಿ ಬತ್ತಿದ ವರ್ಷ ಇದು ಯಾವ ಮನೆಗೆ ಸಾಧ್ಯ? ಮನೆಯ ಚಿಂತೆ ಮಗುವಿನ ಮುಖದಲ್ಲಿ ಕಾಣಿಸಿಕೊಳ್ಳುವುದೂ ಅಂಥ ವರ್ಷಗಳಲ್ಲೇ ಹೆಚ್ಚು.

ದೂರದ ಈ ಸಮಸ್ಯೆಗೆ ನಿಮ್ಹಾನ್ಸ್ ಯೋಚಿಸಿದ ಪರಿಹಾರ ಶಾಲೆಯ ಮೇಷ್ಟರು. ಡಾ. ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1970ರ ದಶಕದ ಕೊನೆಗೇ ಶಿಕ್ಷಕರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು ಅದರ ಫಲವನ್ನು ಅಳೆಯತೊಡಗಿದ್ದರು. ಮುಂದೆ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣ ರಾಜ್ಯದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳನ್ನು ಮುಟ್ಟಿತು. ಆಟ, ಚರ್ಚೆ, ಪಾತ್ರಾಭಿನಯಗಳ ಮೂಲಕ ಪಾಠ. ಒಂದು ವರ್ಷದ ನಂತರ ಇಂಥ ಎರಡು ಶಾಲೆಗಳ 605 ಮಕ್ಕಳನ್ನು ನೆರೆಯ ಶಾಲೆಗಳ 423 ಮಕ್ಕಳೊಡನೆ ಹೋಲಿಸಿ 2010ರಲ್ಲಿ ವರದಿ ಬರೆದರು. ಪಾಠ ಕಲಿತ ಮಕ್ಕಳ ಆತ್ಮವಿಶ್ವಾಸ ಹೆಚ್ಚಿತ್ತು, ಶಿಕ್ಷಕರೊಡನೆ ಹೊಂದಾಣಿಕೆ ಉತ್ತಮಗೊಂಡಿತ್ತು, ಕಷ್ಟ ಎದುರಿಸಬಲ್ಲೆವೆಂಬ ಧೈರ್ಯ ಬಂದಿತ್ತು. ಆದರೆ ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡದು. ಮೇಷ್ಟರು ಮಗುವನ್ನು ಗಟ್ಟಿ ಮಾಡಬಲ್ಲರು, ಗುರುತಿಸಬಲ್ಲರು; ಕಾಯಿಲೆ ಬಿದ್ದ ಮಗುವಿಗೆ ಚಿಕಿತ್ಸಕರು ಬೇರೆಯೇ ಬೇಕು.

ಆ ಚಿಕಿತ್ಸೆ ತಾಲ್ಲೂಕಿನಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ತುರುವೇಕೆರೆಯಲ್ಲೇ ಅರ್ಧ ಉತ್ತರವಿದೆ. ತೀರ್ಥಹಳ್ಳಿಯಲ್ಲಿ 2005ರ ಸುಮಾರಿಗೆ ಶುರುವಾಗಿ ಆಮೇಲೆ ತುರುವೇಕೆರೆ, ಜಗಳೂರಿಗೆ ಬಂದ ನಿಮ್ಹಾನ್ಸ್ ಯೋಜನೆಯಲ್ಲಿ ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆಯವರನ್ನು ಊರಲ್ಲೇ ಗುರುತಿಸಿ, ಊರಲ್ಲೇ ಔಷಧ ಕೊಟ್ಟು, ಬಿಟ್ಟುಹೋಗದಂತೆ ಬೆನ್ನುಹತ್ತಿದರು. ಅದು ಹೆಚ್ಚಾಗಿ ವಯಸ್ಕರಿಗೆ. ಮಂಕಾಗಿ ಕುಳಿತ ಎಂಟನೇ ತರಗತಿಯ ಹುಡುಗಿಗೆ ಬೇಕಾದ ವಾರವಾರದ ಮಾತಿನ ಚಿಕಿತ್ಸೆ ಅಂಥ ಯೋಜನೆಯೊಳಗೆ ಬರುವುದಿಲ್ಲ.

ಹತ್ತಿರದಲ್ಲಿ ಬೇರೇನೂ ಇಲ್ಲವೆಂದಲ್ಲ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ’ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. 2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ದೂರವಾಣಿ ಸೇವೆ ನಡೆಯುತ್ತಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು.