ಕನ್ನಂಬಾಡಿ: ಊರು ಮುಳುಗಿತು, ಹೆಸರು ಉಳಿಯಿತು

ಮಂಡ್ಯ ಸೀಮೆಯ ಹಿರಿಯರು 'ಕೃಷ್ಣರಾಜಸಾಗರ' ಎನ್ನುವುದು ಕಡಿಮೆ. ಅವರ ಬಾಯಲ್ಲಿ ಅದು 'ಕನ್ನಂಬಾಡಿ ಕಟ್ಟೆ'. ಮುಂಗಾರು ಜೋರಾದಾಗ 'ಕಟ್ಟೆ ತುಂಬ್ತಾ?' ಎಂದು ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. ಆದರೆ ಕನ್ನಂಬಾಡಿ ಎಂಬುದು ಮೊದಲಿಗೆ ಕಟ್ಟೆಯ ಹೆಸರಾಗಿರಲಿಲ್ಲ. ಅದು ಕಾವೇರಿ ದಡದ ಒಂದು ಊರಿನ ಹೆಸರು. ಆ ಊರು ಈಗ ನೀರಿನಡಿಯಲ್ಲಿದೆ.

ವಿದ್ಯಾರ್ಥಿ ಮಿತ್ರರೇ, ಚರಿತ್ರೆಯ ಪಠ್ಯಪುಸ್ತಕದಲ್ಲಿ ಈ ಅಣೆಕಟ್ಟೆಯ ಎತ್ತರ, ಉದ್ದ, ಕಟ್ಟಿದವರ ಹೆಸರು ಎಲ್ಲವೂ ಇವೆ. ಅದಕ್ಕಾಗಿ ನೀರಿನೊಳಗೆ ಹೋದ ಊರಿನ ವಿಷಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ಒಂದು ಸಣ್ಣ ಊರಿಗೂ ಚರಿತ್ರೆ ಎಂಬುದಿದೆಯೆ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಕನ್ನಂಬಾಡಿಯ ಕಡೆ ನೋಡೋಣ.

ನದಿ ದಡದ ಊರು

ಕೊಡಗಿನಿಂದ ಇಳಿದು ಬರುವ ಕಾವೇರಿಗೆ ಈ ಭಾಗದಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ ನದಿಗಳು ಬಂದು ಸೇರುತ್ತವೆ. ಸಂಗಮದ ಸಮೀಪ, ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಅಂಬಿಗರಹಳ್ಳಿ ಎಂಬ ಊರಿದೆ. ಸೇತುವೆಗಳು ಇಲ್ಲದ ಕಾಲದಲ್ಲಿ ಹರಿಗೋಲು ನಡೆಸಿ ಜನರನ್ನು ದಾಟಿಸುತ್ತಿದ್ದವರ ನೆನಪು ಆ ಹೆಸರಿನಲ್ಲೇ ಇದೆ. ಊರ ಹೆಸರು ಕೂಡ ಒಂದು ದಾಖಲೆ ಎಂಬುದಕ್ಕೆ ಇದೊಂದು ಉದಾಹರಣೆ.

ಕನ್ನಂಬಾಡಿಯ ಹೆಸರಿಗೆ ಕಣ್ವ ಋಷಿಯ ಕಥೆ ಅಂಟಿಕೊಂಡಿದೆ. ಇದು ಪ್ರತೀತಿ, ಶಾಸನದ ಆಧಾರದಷ್ಟು ಗಟ್ಟಿಯಾದದ್ದಲ್ಲ. ಗಟ್ಟಿಯಾದ ಆಧಾರ ಬೇಕೆಂದರೆ ಅಲ್ಲಿನ ದೇವಾಲಯವಿದೆ. ವೇಣುಗೋಪಾಲಸ್ವಾಮಿಯ ಈ ಗುಡಿ ಹೊಯ್ಸಳ ಶೈಲಿಯದು. ಇಂಥ ಗುಡಿ ಎದ್ದ ಊರಿನಲ್ಲಿ ಅದನ್ನು ನಡೆಸಿಕೊಂಡು ಹೋಗಲು ಬೇಕಾದ ಜಮೀನು, ದತ್ತಿ, ಪೂಜಾರಿ, ಕುಶಲಕರ್ಮಿಗಳು ಇದ್ದರೆಂದು ನಾವು ತಿಳಿಯಬಹುದು.

ಕಾವೇರಿಗೆ ಕಟ್ಟೆ ಕಟ್ಟುವ ಯೋಚನೆಯೂ ಹೊಸತಲ್ಲ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆಗಳು ಬಹಳ ಹಿಂದಿನಿಂದ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಇವು ನದಿಗೆ ಅಡ್ಡಲಾಗಿ ಹಾಕಿದ ತಗ್ಗು ಅಣೆಗಳಿಂದ ಹೊರಟ ನಾಲೆಗಳು. ದೊಡ್ಡ ಕಟ್ಟೆಯ ಕನಸನ್ನು ಟಿಪ್ಪು ಸುಲ್ತಾನ್ ಕಂಡಿದ್ದ. 1794ರ ಅವನ ಪಾರಸಿ ಶಾಸನವೊಂದು ಅಣೆಕಟ್ಟೆಯ ಕಾಮಗಾರಿಯ ವೇಳೆ ದೊರೆಯಿತು. ಕಾವೇರಿಗೆ ಕಟ್ಟೆಯ ಬುನಾದಿ ಹಾಕಿದ್ದನ್ನೂ ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುವುದನ್ನೂ ಅದು ಹೇಳುತ್ತದೆ. ಐದೇ ವರ್ಷಗಳಲ್ಲಿ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು. ಕೆಲಸ ಅಲ್ಲಿಗೇ ನಿಂತಿತು.

ಊರೆಂದರೆ ಯಾರು?

ಅಂದಿನ ಊರನ್ನು ಕಣ್ಣಮುಂದೆ ತಂದುಕೊಳ್ಳಬೇಕಾದರೆ ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯನ್ನು ಅರಿಯಬೇಕು. ಲೆಕ್ಕಪತ್ರಕ್ಕೆ ಶಾನುಭೋಗ, ಕಂದಾಯ ವಸೂಲಿಗೆ ಪಟೇಲ, ಕಾವಲಿಗೆ ತಳವಾರ, ಊರ ಚಾಕರಿಗೆ ತೋಟಿ, ಕೆರೆ ತೂಬಿನ ನೀರನ್ನು ಗದ್ದೆಗದ್ದೆಗೆ ಹಂಚಲು ನೀರಗಂಟಿ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಇವರೆಲ್ಲ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣದಿಂದ ಧಾನ್ಯದ 'ಆಯ' ಪಡೆಯುತ್ತಿದ್ದರು. ಹಣದ ಚಲಾವಣೆ ಕಡಿಮೆ. ಕೆಲಸ ಮತ್ತು ಕಾಳಿನ ವಿನಿಮಯವೇ ಹೆಚ್ಚು.

ವರ್ಷದ ಲಯವೂ ಬೇಸಾಯದ್ದೇ. ಯುಗಾದಿಯ ಹೊತ್ತಿಗೆ ಹೊನ್ನಾರು ಕಟ್ಟಿ ಮೊದಲ ಉಳುಮೆ, ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದು, ಬೇಸಿಗೆಯಲ್ಲಿ ಮಾರಿಹಬ್ಬ. ಪಾಂಡವಪುರದ ಬೇಬಿ ಬೆಟ್ಟ, ಕೆ.ಆರ್. ಪೇಟೆಯ ಹೇಮಗಿರಿಯ ದನಗಳ ಜಾತ್ರೆಗಳು ಇಂದಿಗೂ ಹೆಸರುವಾಸಿ. ಎತ್ತಿನ ವ್ಯಾಪಾರದೊಂದಿಗೆ ನೆಂಟಸ್ತನದ ಮಾತೂ ಅಲ್ಲೇ ಕುದುರುತ್ತಿತ್ತು.

ಆದರೆ ಹಳೆಯ ಊರನ್ನು ಸ್ವರ್ಗವೆಂದು ಬಗೆಯುವುದು ತಪ್ಪಾಗುತ್ತದೆ. ಊರ ಬಾವಿ ಎಲ್ಲರದ್ದಾಗಿರಲಿಲ್ಲ. ಗುಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ದಲಿತರ ಕೇರಿ ಊರ ಹೊರಗೆ. ಒಕ್ಕಲು ಮನೆತನಕ್ಕೂ ದಲಿತ ಮನೆತನಕ್ಕೂ ತಲೆತಲಾಂತರದಿಂದ 'ಹಳೇಮಗ'ನೆಂಬ ದುಡಿಮೆಯ ಕಟ್ಟು ಇರುತ್ತಿತ್ತು. ಅದರಲ್ಲಿ ಆಸರೆಯೂ ಇತ್ತು, ಅಧೀನತೆಯೂ ಇತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕಾನೂನಿನ ಮೂಲಕ ರದ್ದಾದದ್ದು 1960ರ ದಶಕದಲ್ಲಿ.

ಕಟ್ಟೆ ಎದ್ದ ಬಗೆ

1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ, ಮರುವರ್ಷ ಅವರೇ ದಿವಾನರಾದರು. ಕೆಳಗಿನ ಮದ್ರಾಸ್ ಸರ್ಕಾರ ತನ್ನ ನೀರಿಗೆ ಧಕ್ಕೆಯಾದೀತೆಂದು ಆಕ್ಷೇಪಿಸಿತು. ಹಾಗಾಗಿ ಮೊದಲು ಅನುಮತಿ ಸಿಕ್ಕಿದ್ದು ತಗ್ಗು ಕಟ್ಟೆಗೆ ಮಾತ್ರ. ಆದರೂ ಮುಂದೆ ಎತ್ತರಿಸಲು ಅನುಕೂಲವಾಗುವಂತೆ ಬುನಾದಿಯನ್ನು ಅಗಲವಾಗಿಯೇ ಹಾಕಲಾಯಿತು. ಎರಡೂ ಸರ್ಕಾರಗಳ ನಡುವೆ 1924ರಲ್ಲಿ ಒಪ್ಪಂದವಾಯಿತು. 1930ರ ದಶಕದ ಆರಂಭದ ಹೊತ್ತಿಗೆ ಕಟ್ಟೆ ಪೂರ್ಣಗೊಂಡಿತು. ಉದ್ದ ಸುಮಾರು 8,600 ಅಡಿ. ತುಂಬಿದಾಗಿನ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿ.ಎಂ.ಸಿ.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಈ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸಿಮೆಂಟಲ್ಲ, ಸುರ್ಕಿ ಗಾರೆ. ಎಂದರೆ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದದ್ದು. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಅಂಶಗಳು ನೀರಿರುವಾಗ ಸುಣ್ಣದೊಡನೆ ವರ್ತಿಸಿ, ನೀರಿನಲ್ಲೂ ಗಟ್ಟಿಯಾಗುವ ಬಂಧವನ್ನು ಕೊಡುತ್ತವೆ. ಸಿಮೆಂಟು ಬಹುಪಾಲು ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ, ನಮ್ಮ ಗೂಡು, ನಮ್ಮ ಮಣ್ಣು, ನಮ್ಮ ಗಾರೆಯವರ ಕೈಚಳಕದಿಂದ ಇಷ್ಟು ದೊಡ್ಡ ಕೆಲಸ ನಡೆಯಿತು.

ಕಟ್ಟೆ ಏರಿದಂತೆ ಹಿನ್ನೀರೂ ಏರಿತು. ಕನ್ನಂಬಾಡಿ ಮತ್ತು ಸುತ್ತಲಿನ ಅನೇಕ ಊರುಗಳ ಜನ ಎದ್ದು ಹೋಗಬೇಕಾಯಿತು. ಅವರಲ್ಲಿ ಕೆಲವರಿಗೆ ಎತ್ತರದ ನೆಲದಲ್ಲಿ ಹೊಸ ಕನ್ನಂಬಾಡಿ ಹುಟ್ಟಿತು. ಇಲ್ಲಿ ನಾವು ನಿಂತು ಯೋಚಿಸಬೇಕು. ಜಮೀನಿದ್ದವನ ನಷ್ಟವನ್ನು ಎಕರೆ, ಗುಂಟೆಗಳಲ್ಲಿ ಅಳೆಯಬಹುದು. ಆಯದ ಮೇಲೆ ಬದುಕುತ್ತಿದ್ದ ಕಮ್ಮಾರನ ನಷ್ಟವನ್ನು, ಕೂಲಿಯವನ ನಷ್ಟವನ್ನು ಯಾವ ಅಳತೆಯಿಂದ ಲೆಕ್ಕ ಹಾಕುವುದು? ಊರು ಚದುರಿದರೆ ಅವನಿಗೆ ಕೆಲಸ ಕೊಡುವ ಮನೆಗಳೇ ಚದುರಿದಂತೆ. ಈ ಪ್ರಶ್ನೆ ಕನ್ನಂಬಾಡಿಗೆ ಮುಗಿಯಲಿಲ್ಲ. ಆಮೇಲಿನ ಎಲ್ಲ ದೊಡ್ಡ ಕಟ್ಟೆಗಳ ಕೆಳಗೂ ಅದು ಇದೆ.

ನೀರು ಹೋದ ಕಡೆ

ಮುಳುಗಿದ್ದು ಒಂದು ಕಡೆ. ಹಸಿರಾದದ್ದು ಇನ್ನೊಂದು ಕಡೆ. ಇರ್ವಿನ್ ನಾಲೆಯೆಂದು ಹೆಸರಾಗಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಬಳಿ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹಾದು ಮಂಡ್ಯ, ಮದ್ದೂರುಗಳ ಕಡೆ ಸಾಗುತ್ತದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ, ಕಬ್ಬು ಬಂದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಆದರೆ ನಾಲೆಯ ನೀರು ಇಳಿಜಾರನ್ನೇ ಹಿಡಿಯುತ್ತದೆ. ಅದು ದಿಣ್ಣೆ ಹತ್ತುವುದಿಲ್ಲ. ಎತ್ತರದ ಸೀಮೆಯಾದ ನಾಗಮಂಗಲ ಕಟ್ಟೆಗೆ ಹತ್ತಿರವಿದ್ದೂ ಬಹುಕಾಲ ಮಳೆಯನ್ನೇ ನಂಬಬೇಕಾಯಿತು. ಒಂದೇ ನಾಲೆಯ ಪಕ್ಕದ ಊರುಗಳಲ್ಲೂ ಈ ಭೇದ ಕಾಣುತ್ತದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಿಂದ 1956ರವರೆಗೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ, ಅವಕ್ಕೆ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟರು. ವಂಗಲಕ್ಕೆ ನಾಲೆ ನೀರು ಬಂತು. ದಲೇನ ಎತ್ತರದಲ್ಲಿದ್ದುದರಿಂದ ಬರಲಿಲ್ಲ. ಹೆಚ್ಚು ಬದಲಾದದ್ದು ಯಾವ ಊರು? ವಂಗಲ ಎಂದು ನೀವು ಊಹಿಸಬಹುದು. ಆಕೆ ಕಂಡದ್ದು ಬೇರೆ. ವಂಗಲದಲ್ಲಿ ಹಣ ಹೆಚ್ಚಿತು, ಆದರೆ ಬೇಸಾಯವೇ ಮುಂದುವರಿದದ್ದರಿಂದ ಹಳೆಯ ದುಡಿಮೆಯ ಕಟ್ಟುಗಳು ಉಳಿದವು. ದಲೇನದವರು ಮಂಡ್ಯದ ನೌಕರಿ, ವ್ಯಾಪಾರ, ಗುತ್ತಿಗೆ ಕೆಲಸಗಳಿಗೆ ಹೊರಟರು; ಅಲ್ಲಿ ಆ ಕಟ್ಟುಗಳು ಸಡಿಲವಾದವು.

ಕಲ್ಲು ಮತ್ತು ನೆನಪು

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಡರ್ವೆಂಟ್ ಎಂಬ ಹಳ್ಳಿಯಿತ್ತು. 1940ರ ದಶಕದಲ್ಲಿ ಲೇಡಿಬೋವರ್ ಜಲಾಶಯಕ್ಕಾಗಿ ಅದೂ ಮುಳುಗಿತು. ಅಲ್ಲಿನ ಹಳೆಯ ಕಲ್ಲುಸೇತುವೆಯೊಂದನ್ನು ಕಲ್ಲುಕಲ್ಲಾಗಿ ಬಿಚ್ಚಿ ಬೇರೆಡೆ ಮತ್ತೆ ಕಟ್ಟಿದರು. ಬರ ಬಿದ್ದ ವರ್ಷ ಊರಿನ ಅವಶೇಷ ಮೇಲೆದ್ದು ಕಾಣುತ್ತದೆ. ಜನ ನೋಡಲು ಹೋಗುತ್ತಾರೆ. ನಮ್ಮಲ್ಲೂ ಹೀಗೆಯೇ. ಹಿನ್ನೀರು ಇಳಿದಾಗಲೆಲ್ಲ ವೇಣುಗೋಪಾಲನ ಗುಡಿ ಕಾಣಿಸಿಕೊಳ್ಳುತ್ತಿತ್ತು. 2000ದ ದಶಕದಲ್ಲಿ ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ, ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಮರಳಿ ನಿಲ್ಲಿಸುವ ಕೆಲಸ ಕೈಗೊಂಡರು. ಇಂದು ಅಲ್ಲಿ ದಿನವೂ ಜನ.

ಒಂದು ವ್ಯತ್ಯಾಸವನ್ನು ಮರೆಯಬಾರದು. ಇಂಗ್ಲೆಂಡಿನ ಹಳ್ಳಿಗಳಲ್ಲಿ 1538ರಿಂದಲೇ ಚರ್ಚುಗಳು ಹುಟ್ಟು, ಮದುವೆ, ಸಾವುಗಳ ಪುಸ್ತಕ ಇಡಬೇಕೆಂಬ ಕಟ್ಟಳೆಯಿತ್ತು. ಅಲ್ಲಿನ ಸಾಮಾನ್ಯ ರೈತನ ಹೆಸರೂ ಕಾಗದದ ಮೇಲೆ ಸಿಗುತ್ತದೆ. ನಮ್ಮ ಶಾಸನಗಳಲ್ಲಿ ಸಿಗುವುದು ಹೆಚ್ಚಾಗಿ ದಾನ ಕೊಟ್ಟವರ, ಪಡೆದವರ, ಯುದ್ಧದಲ್ಲಿ ಮಡಿದವರ ಹೆಸರು. ಗುಡಿಯ ಕಲ್ಲುಗಳನ್ನು ಎತ್ತಿ ತರಬಹುದು. ಕುಂಬಾರಗೇರಿಯನ್ನು, ಹರಿಗೋಲಿನ ಕಡವನ್ನು ತರುವುದು ಹೇಗೆ? ಅವು ಉಳಿದಿದ್ದರೆ ಉಳಿದಿರುವುದು ಜನರ ಮಾತಿನಲ್ಲಿ ಮಾತ್ರ.

ನಿಮ್ಮ ಊರಿನ ಚರಿತ್ರೆ ಬರೆಯಿರಿ

ಆದ್ದರಿಂದ ಈ ಕೆಲಸ ನಿಮ್ಮದು. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ, 7ನೆಯದರಲ್ಲಿ ನಾಗಮಂಗಲದವು. ನಿಮ್ಮ ಊರಿನ ಹೆಸರು ಅಲ್ಲಿದೆಯೆ, ನೋಡಿ. ಆಮೇಲೆ ಪುಸ್ತಕ ಮುಚ್ಚಿ ಮನೆಯ ಹಿರಿಯರ ಬಳಿ ಕೂತುಕೊಳ್ಳಿ. ಊರ ತೂಬನ್ನು ಯಾರು ಎತ್ತುತ್ತಿದ್ದರು, ಕಣದಲ್ಲಿ ಯಾರಿಗೆ ಎಷ್ಟು ಅಳೆದು ಕೊಡುತ್ತಿದ್ದರು, ಯಾವ ಬಾವಿಗೆ ಯಾರು ಇಳಿಯುವಂತಿರಲಿಲ್ಲ, ನಾಲೆ ಬರುವ ಮೊದಲು ಏನು ಉಣ್ಣುತ್ತಿದ್ದರು ಎಂದು ಕೇಳಿ. ಉತ್ತರಗಳನ್ನು ಹೇಳಿದವರ ಹೆಸರು, ದಿನಾಂಕದೊಂದಿಗೆ ಬರೆದಿಡಿ. ಮೇಲಿನ ಕೇರಿಯಲ್ಲಿ ಕೇಳಿದ್ದನ್ನೇ ಕೆಳಗಿನ ಕೇರಿಯಲ್ಲೂ ಕೇಳಿ. ಎರಡು ಉತ್ತರ ಬಂದರೆ ಎರಡನ್ನೂ ಬರೆಯಿರಿ.

ಊರು ಮುಳುಗುವುದಕ್ಕೆ ಅಣೆಕಟ್ಟೆಯೇ ಬೇಕಾಗಿಲ್ಲ. ಕೇಳುವವರಿಲ್ಲದೆ ಹೇಳುವವರು ಕಣ್ಣು ಮುಚ್ಚಿದರೂ ಸಾಕು.